ನಾನು ಇಳಿಯದ ಗ್ರೀಕ್ ಕಡಲು

ನಮ್ಮ ಊರಿನ ಕಡೆ ಯಾರಾದರೂ ದಾರಿ ಕೇಳಿದರೆ "ಗೊತ್ತಿಲ್ಲ" ಎನ್ನುವ ರೂಢಿ ಇಲ್ಲ. ಹಾಗೆಂದರೆ ಕೇಳಿದವರಿಗೆ ಬೇಸರವಾದೀತು ಎಂಬ ದಾಕ್ಷಿಣ್ಯ. ಕೈ ಯಾವ ಕಡೆಗೆ ಸಲೀಸಾಗಿ ಏಳುತ್ತದೋ ಆ ಕಡೆ ತೋರಿಸಿ, "ಹೀಗೇ ಹೋಗಿ, ಮುಂದೆ ಯಾರನ್ನಾದರೂ ಕೇಳಿ" ಎಂದು ಕಳಿಸಿಬಿಡುತ್ತೇವೆ. ನನ್ನ ತಂದೆ ಒಮ್ಮೆ ದಿಬ್ಬಣದ ಬಸ್ಸೊಂದನ್ನು ಹೀಗೆಯೇ ಬೇರೆ ಯಾರದೋ ಮದುವೆಗೆ ಕಳಿಸಿದ್ದರು. ಬಸ್ಸಿನವರು ಅಲ್ಲೇ ಊಟ ಮುಗಿಸಿ, ಪಾಯಸ ಚೆನ್ನಾಗಿತ್ತೆಂದು ಹೇಳಿ ಬಂದರಂತೆ. ಈ ಗುಣ ನೆಲದ ಮೇಲೆ ಇರುವಷ್ಟು ದಿನ ದೊಡ್ಡ ಅಪಾಯವಿಲ್ಲ. ನಾನು ಅದನ್ನು ನೀರಿಗೆ ಒಯ್ದೆ. ಅದೂ ನಮ್ಮ ನೀರಿಗಲ್ಲ, ಗ್ರೀಸ್ ದೇಶದ ನೀರಿಗೆ. ವಯಸ್ಸಾಯಿತು, ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಹೇಳಿಬಿಡುತ್ತೇನೆ.

ನಾನು ಓದಿದ್ದು ಹೈಸ್ಕೂಲಿನವರೆಗೆ. ಟೈಪಿಂಗ್ ಕಲಿತು ದೋಹಾಕ್ಕೆ ಬಂದವನು, ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಒಂದು ಟ್ರಾವೆಲ್ ಆಫೀಸಿನ ಕೌಂಟರಿನಲ್ಲಿ ಕುಳಿತಿದ್ದೆ. ಅಲ್ಲಿಯವರೆಗೆ ನಮ್ಮದು ಮಂಗಳೂರು, ಕೊಚ್ಚಿ, ಮನಿಲಾ ಟಿಕೆಟ್ಟುಗಳ ವ್ಯಾಪಾರ. ಆಮೇಲೆ ಊರಲ್ಲಿ ಗ್ಯಾಸಿನ ಕಂಪೆನಿಗಳು ಹೆಚ್ಚಿದವು, ಬಿಳಿಯರು ಹೆಚ್ಚಿದರು, ರಜೆಗೆ ಎಲ್ಲಿಗೆ ಹೋಗುವುದೆಂದು ಕೇಳುವವರೂ ಹೆಚ್ಚಿದರು. ನಮ್ಮ ಲೆಬನಾನಿ ಮ್ಯಾನೇಜರು ಗ್ರೀಸಿನ ಒಂದು ದ್ವೀಪದ ಪ್ಯಾಕೇಜು ತಂದರು. ಆ ದ್ವೀಪದ ಹೆಸರನ್ನು ಸರಿಯಾಗಿ ಉಚ್ಚರಿಸಲು ನನಗೆ ಕೊನೆಯವರೆಗೂ ಬರಲಿಲ್ಲವಾದ್ದರಿಂದ ಇಲ್ಲಿ ಬರೆಯುವ ಸಾಹಸ ಮಾಡುವುದಿಲ್ಲ. ಅಲ್ಲಿ ಜನ ಕಣ್ಣಿಗೆ ಗಾಜಿನ ಮುಖವಾಡ ಹಾಕಿ, ಬಾಯಿಗೆ ಕೊಳವೆ ಕಚ್ಚಿ, ನೀರಿನ ಮೇಲೆ ಬೋರಲು ಮಲಗಿ ಮೀನು ನೋಡುತ್ತಾರೆ, ಅದು ಸ್ನಾರ್ಕೆಲಿಂಗ್. ಇನ್ನೂ ಧೈರ್ಯವಿದ್ದವರು ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ತಳಕ್ಕೇ ಇಳಿಯುತ್ತಾರೆ, ಅದು ಸ್ಕೂಬಾ. ನಮ್ಮಲ್ಲಿ ಸಿಲಿಂಡರು ಹೊತ್ತವನು ಸೀದಾ ಅಡುಗೆಮನೆಗೆ ಹೋಗುತ್ತಾನೆ, ಇವರು ಸಮುದ್ರಕ್ಕೆ ಹೋಗುತ್ತಾರೆ!

ಮ್ಯಾನೇಜರು ನನ್ನ ಹೆಗಲು ತಟ್ಟಿ, "ವಾಸು, ನೀನು ಕಡಲ ಊರಿನವನು. ಡೈವಿಂಗ್ ಎಲ್ಲ ನೀನೇ ನೋಡಿಕೋ. ಖಲಾಸ್" ಎಂದರು. ಕಡಲ ಊರಿನವನು ಹೌದು. ಆದರೆ ನಮ್ಮ ಮನೆಯವರು ಕಡಲಿಗೆ ಇಳಿಯುವುದು ವರ್ಷಕ್ಕೊಮ್ಮೆ, ಅಮಾವಾಸ್ಯೆಯ ಸ್ನಾನಕ್ಕೆ. ಅದೂ ಒಬ್ಬರ ಕೈ ಒಬ್ಬರು ಹಿಡಿದು, ಮೊಣಕಾಲಿಗೆ ನೀರು ಬಂದ ಕೂಡಲೇ "ಸಾಕು, ಪುಣ್ಯ ಬಂತು" ಎಂದು ತಿರುಗಿಬಿಡುವುದು. ಮೀನನ್ನು ನಾನು ಯಾವತ್ತೂ ನೀರಿನೊಳಗೆ ನೋಡಿದವನಲ್ಲ. ನಮ್ಮ ಪರಿಚಯವೆಲ್ಲ ಬುಟ್ಟಿಯಿಂದ ಮುಂದಿನದು. ಇದನ್ನು ಮ್ಯಾನೇಜರಿಗೆ ಹೇಳಬಹುದಿತ್ತು. ಹೇಳಲಿಲ್ಲ.

ಬ್ರೋಷರು ಬಾಯಿಪಾಠ ಮಾಡಿದೆ. ನೀಲಿ ಗುಹೆ, ಆಮೆಗಳ ಕೊಲ್ಲಿ, ಮುಳುಗಿದ ಹಡಗು, ದೀಪಸ್ತಂಭದ ಮೂಲೆ. ಹೋಗಿ ಬಂದ ಗಿರಾಕಿಗಳು ಹೇಳಿದ್ದನ್ನು ಹೋಗುವ ಗಿರಾಕಿಗಳಿಗೆ ಹೇಳಿದೆ. "ಮುಖವಾಡದ ಗಾಜು ಮಂಜಾಗದ ಹಾಗೆ ಒಳಗಡೆ ಸ್ವಲ್ಪ ಉಗುಳಿ ಒರೆಸಿಕೊಳ್ಳಿ" ಎಂದು ಒಬ್ಬ ಇಂಗ್ಲಿಷ್ ಹೆಂಗಸಿಗೆ ನಾನು ಹೇಳಿದಾಗ ಆಕೆ, "ನೀವು ತುಂಬಾ ವರ್ಷಗಳಿಂದ ಡೈವ್ ಮಾಡುತ್ತಿರಬೇಕು" ಎಂದಳು. ನಾನು ಹೌದು ಎನ್ನಲಿಲ್ಲ. ಕಿಟಕಿಯಾಚೆ ದೂರಕ್ಕೆ ನೋಡಿ ಸಣ್ಣಗೆ ನಕ್ಕೆ. ಸುಳ್ಳು ಹೇಳದೆಯೇ ಸುಳ್ಳು ಹೇಳುವ ಈ ವಿದ್ಯೆ ನನಗೆ ಒಲಿದದ್ದು ಹೀಗೆ.

ಆಫೀಸಿನಲ್ಲಿ ನಗುತ್ತಿದ್ದುದನ್ನು ಶುಕ್ರವಾರಗಳಲ್ಲಿ ಬಾಯಿಬಿಟ್ಟು ಆಡತೊಡಗಿದೆ. ಅಲ್ ಗರಾಫಾದ ನಮ್ಮ ಫ್ಲ್ಯಾಟಿಗೆ ಊರಿನ ನಾಲ್ಕಾರು ಮನೆಯವರು ಊಟಕ್ಕೆ ಬರುತ್ತಿದ್ದರು. ನಾನು ಸೋಫಾದ ಅಂಚಿನಲ್ಲಿ ಕುಳಿತು, ಗ್ರೀಸಿನ ಕಡಲಿನೊಳಗೆ ಬೆಳಕು ಹೇಗೆ ಓರೆಯಾಗಿ ಬೀಳುತ್ತದೆ, ಆಕ್ಟೋಪಸ್ಸು ಕಲ್ಲಿನ ಸಂದಿಯಿಂದ ಹೇಗೆ ಇಣುಕುತ್ತದೆ ಎಂದು ವರ್ಣಿಸುತ್ತಿದ್ದರೆ ಎಲ್ಲರೂ ಟೀವಿ ಆರಿಸಿ ಕೇಳುತ್ತಿದ್ದರು. ನನ್ನ ಹೆಂಡತಿ ಯಮುನಾ ಮಾತ್ರ ಅಂಥ ಹೊತ್ತಿಗೇ ಎದ್ದು ತಟ್ಟೆಗಳನ್ನು ಎತ್ತಲು ಶುರು ಮಾಡುತ್ತಿದ್ದಳು.

ಆ ಬೇಸಗೆಯಲ್ಲಿ ನನ್ನ ಸ್ನೇಹಿತ ಹಮ್ಜಾ ಆ ದ್ವೀಪಕ್ಕೇ ಹೊರಟ. ಉಳ್ಳಾಲದ ಕಡೆಯ ಬ್ಯಾರಿಯವನು, ದೋಹಾದ ಹಳೆಯ ಪೇಟೆ ಸೂಕ್ ವಾಕಿಫ್‌ನಲ್ಲಿ ಅಣ್ಣ ಇಬ್ರಾಹಿಂನೊಡನೆ ಅತ್ತರಿನ ಅಂಗಡಿ ಇಟ್ಟವನು. ಮಕ್ಕಳ ಶಾಲೆಯ ಗೆಳೆಯರೆಲ್ಲ ಯುರೋಪು ನೋಡಿ ಬಂದಿದ್ದರಿಂದ ಮಕ್ಕಳೂ ಮನೆಯಲ್ಲಿ ಹಟ ಹಿಡಿದಿದ್ದರು. ಟಿಕೆಟ್ಟು ನನ್ನ ಕೈಯಿಂದಲೇ ಆಯಿತು. ಹೊರಡುವ ಮುಂಚಿನ ಶುಕ್ರವಾರ ಅವನ ಮಗಳು ನಸ್ರೀನ್ ನನ್ನ ಪಕ್ಕ ಬಂದು ಕುಳಿತು, "ಅಂಕಲ್, ನಮಗೆ ಬೆಸ್ಟ್ ಪ್ಲೇಸ್ ಯಾವುದು? ಫಿಶ್ ತುಂಬಾ ಇರಬೇಕು" ಎಂದಳು.

"ದೀಪಸ್ತಂಭದ ಮೂಲೆ" ಎಂದೆ. ಯಾಕೆ ಎಂದು ದಯವಿಟ್ಟು ಕೇಳಬೇಡಿ. ಬ್ರೋಷರಿನಲ್ಲಿ ಆ ಚಿತ್ರ ಎಲ್ಲಕ್ಕಿಂತ ನೀಲಿಯಾಗಿತ್ತು.

ಹಮ್ಜಾ ಕೇಳಿದ: "ಮಕ್ಕಳಿಗೆ ಹೆದರಿಕೆ ಇಲ್ಲವಾ ವಾಸಣ್ಣ? ಆಳ ಉಂಟಾ?"

"ಎಂಥ ಆಳ ಮಾರಾಯ! ದೇವಸ್ಥಾನದ ಕೆರೆಯ ಹಾಗೆ ಉಂಟು. ನಾನೇ ಇಳಿದದ್ದಲ್ಲವಾ?"

ಅದುವರೆಗೆ ಕಿಟಕಿಯಾಚೆ ನೋಡಿ ನಗುತ್ತಿದ್ದವನು ಅಂದು ಮೊದಲ ಸಲ ಅಪ್ಪಟ ಸುಳ್ಳು ಹೇಳಿದೆ. ನಾನು ದೋಹಾ ಬಿಟ್ಟು ಹೋದ ಅತಿ ದೂರದ ವಿದೇಶವೆಂದರೆ ಬಹರೈನ್. ಯಮುನಾ ನನ್ನನ್ನು ಒಂದು ಗಳಿಗೆ ನೋಡಿ, ಹಮ್ಜಾನ ಹೆಂಡತಿ ಜೊಹರಾಳನ್ನು ಕರೆದುಕೊಂಡು ಅಡುಗೆಮನೆಗೆ ಹೋದಳು.

ಅವರು ವಿಮಾನ ಹತ್ತಿದ ಮೇಲೆ ಒಂದು ಬೆಳಿಗ್ಗೆ ನಮ್ಮ ಕೌಂಟರಿಗೆ ಡಚ್ ಎಂಜಿನಿಯರೊಬ್ಬರು ಬಂದರು. ಆಳು ಬಾಗಿಲಿನಷ್ಟು ಎತ್ತರ, ಮೊಣಕೈಯಿಂದ ಬೆರಳಿನವರೆಗೆ ಬ್ಯಾಂಡೇಜು. ಅದೇ ದ್ವೀಪದಿಂದ ಬಂದವರು, ಇನ್ಶೂರೆನ್ಸಿಗೆ ಏನೋ ಕಾಗದ ಬೇಕಿತ್ತು. ನನ್ನ ಮೇಜಿನ ಮೇಲಿದ್ದ ಬ್ರೋಷರಿನ ಮೇಲೆ, ಆ ನೀಲಿ ಚಿತ್ರದ ಮೇಲೆಯೇ, ಬೆರಳಿಟ್ಟು ಹೇಳಿದರು: "ಇಲ್ಲಿ. ನೀರಿನ ಸೆಳೆತ ನನ್ನನ್ನು ಎತ್ತಿ ಬಂಡೆಗೆ ಒಗೆಯಿತು. ಇಪ್ಪತ್ತು ವರ್ಷದಿಂದ ಡೈವ್ ಮಾಡುವವನು ನಾನು. ಇಲ್ಲಿಗೆ ಮಾತ್ರ ಮಕ್ಕಳನ್ನು ಯಾವತ್ತೂ ಕಳಿಸಬೇಡಿ."

ಏಸಿ ಗಾಳಿ ನೇರ ತಲೆಯ ಮೇಲೆ ಬೀಳುತ್ತಿತ್ತು. ಆದರೂ ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಅವರು ಮತ್ತೇನೋ ಹೇಳುತ್ತಿದ್ದರು, ತುಟಿ ಅಲುಗುವುದಷ್ಟೇ ಕಾಣುತ್ತಿತ್ತು. ಹಮ್ಜಾನ ಮೊಬೈಲಿಗೆ ಹೊಡೆದೆ. ಸ್ವಿಚ್ ಆಫ್ ಆಗಿದೆ ಎಂದು ಒಬ್ಬಳು ಅರಬ್ಬಿಯಲ್ಲಿ ಹೇಳಿದಳು, ನನಗೆ ಸಾಲದೆಂಬಂತೆ ಇಂಗ್ಲಿಷಿನಲ್ಲೂ ಹೇಳಿದಳು. ಹೋಟೆಲಿಗೆ ಹೊಡೆದೆ. ಅಲ್ಲಿಯ ಹುಡುಗಿ ಬಹಳ ಸಂತೋಷದಿಂದ, "ಅವರಾ? ಬೆಳಿಗ್ಗೆಯೇ ಮಕ್ಕಳೆಲ್ಲ ಮುಖವಾಡ ಹಿಡಿದುಕೊಂಡು ಬೋಟಿಗೆ ಹೋದರು!" ಎಂದಳು.

ಮಧ್ಯಾಹ್ನದ ಬಿಡುವಿಗೆ ಮನೆಗೆ ಓಡಿದೆ. ಯಮುನಾ ಬಂಗುಡೆ ಕೊಯ್ಯುತ್ತಿದ್ದಳು. ನಿಂತಲ್ಲೇ ವಿಷಯ ಹೇಳಿ ಮುಗಿಸಿದೆ. ಅವಳು ತಲೆ ಎತ್ತದೆ, "ನೀವು ಇಳಿದ ಜಾಗ ಅಲ್ಲವಾ? ಹೆದರುವುದು ಎಂಥದ್ದು?" ಎಂದಳು.

"ಯಮುನಾ, ತಮಾಷೆ ಮಾಡುವ ಹೊತ್ತಾ ಇದು?"

"ದೇವಸ್ಥಾನದ ಕೆರೆಯ ಹಾಗೆ ಉಂಟು ಅಂದಿರಲ್ಲ. ಕೆರೆಯಲ್ಲಿ ಸೆಳೆತ ಎಲ್ಲಿಂದ ಬರ್ತದೆ? ಊಟ ಮಾಡಿ."

ನಾನು ಬೆಚ್ಚಿಬಿದ್ದೆ. ಇಷ್ಟು ವರ್ಷ ನನ್ನ ಜೊತೆ ಬಾಳಿದವಳು ಇಷ್ಟು ಕಲ್ಲುಮನಸ್ಸಿನವಳೇ! ಊಟ ಬಿಟ್ಟು ಒಳಗೆ ಹೋಗಿ, ಊರಿನ ದೈವಕ್ಕೆ ಒಂದು ಹರಕೆ ಹೇಳಿಕೊಂಡೆ. ಹಮ್ಜಾನ ಕೇಸನ್ನು ನಮ್ಮ ದೈವ ಕೈಗೆತ್ತಿಕೊಳ್ಳುತ್ತದೋ ಇಲ್ಲವೋ ಎಂಬ ಅನುಮಾನ ಬಂದು ಉಳ್ಳಾಲದ ದರ್ಗಾಕ್ಕೂ ಒಂದು ಹೇಳಿಕೊಂಡೆ. ಕಣ್ಣು ಮುಚ್ಚಿದರೆ ನಸ್ರೀನ್ ಕಾಣುತ್ತಿದ್ದಳು, ನೀಲಿ ನೀರಿನಲ್ಲಿ ಬೋರಲು.

ಸಂಜೆ ಮನೆಯಲ್ಲಿರಲಾಗದೆ ಸೂಕಿಗೆ ಹೋದೆ. ಏನಾದರೂ ಸುದ್ದಿ ಬಂದರೆ ಮೊದಲು ಅಂಗಡಿಗೇ ಬರಬೇಕು. ಇಬ್ರಾಹಿಂ ಒಬ್ಬ ಗಿರಾಕಿಯ ಮಣಿಕಟ್ಟಿಗೆ ಅತ್ತರು ಹಚ್ಚುತ್ತಿದ್ದ. ನನ್ನನ್ನು ನೋಡಿ, "ಎಂಥ ವಾಸಣ್ಣ, ಮುಖ ಐಸಿನಲ್ಲಿಟ್ಟ ಹಮೂರು ಮೀನಿನ ಹಾಗೆ ಆಗಿದೆ?" ಎಂದ. ತಮ್ಮನ ಸುದ್ದಿ ಉಂಟಾ ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಂಗಡಿಯ ಫೋನು ಬಡಿದುಕೊಂಡಿತು. ಇಬ್ರಾಹಿಂ ಎತ್ತಿ, "ಆಂ... ಆಂ..." ಎನ್ನುತ್ತಾ ಹೋದ. ನಾನು ಸ್ಟೂಲನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆಮೇಲೆ ಅವನು, "ತಗೊಳ್ಳಿ, ಹಮ್ಜಾ" ಎಂದು ರಿಸೀವರನ್ನು ನನ್ನ ಕೈಗೆ ಕೊಟ್ಟ.

"ಹಮ್ಜಾ! ಮಕ್ಕಳು? ಮಕ್ಕಳೆಲ್ಲ ಇದ್ದಾರಾ?"

"ಇದ್ದಾರೆ ಮಾರಾಯ್ರೆ, ಐಸ್‌ಕ್ರೀಮ್ ತಿಂತಾ ಇದ್ದಾರೆ. ಎಂಥ ಆಯ್ತು?"

"ದೀಪಸ್ತಂಭದ ಮೂಲೆಗೆ ಹೋದ್ರಾ?"

"ಇಲ್ಲಪ್ಪ. ನೀವು ಹೇಳಿದ ಜಾಗ ಅಲ್ವಾ? ಬೋಟಿನವನಿಗೆ ಮೊದಲೇ ಹೇಳಿದ್ದೇನೆ, ಎಲ್ಲಿಗೆ ಬೇಕಾದರೂ ಕರ್ಕೊಂಡು ಹೋಗು, ಅಲ್ಲಿಗೆ ಮಾತ್ರ ಬೇಡ ಅಂತ. ಆಮೆಯ ಕೊಲ್ಲಿಗೆ ಹೋದೆವು."

ನನಗೆ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. "ಯಮುನಕ್ಕ ಆ ದಿನವೇ ಕಿಚನ್ನಿನಲ್ಲಿ ಜೊಹರಾನ ಹತ್ರ ಹೇಳಿದ್ರಲ್ಲ. 'ನಮ್ಮವರು ಬಕೆಟಿನ ನೀರು ಬಿಟ್ಟು ಬೇರೆ ನೀರು ಮುಟ್ಟಿದವರಲ್ಲ, ಅವರ ಮಾತು ಕೇಳಿ ಮಕ್ಕಳನ್ನು ಇಳಿಸಬೇಡಿ' ಅಂತ. ಅವರು ಹೇಳದಿದ್ರೂ ನಮಗೆ ಗೊತ್ತಿತ್ತು ಬಿಡಿ."

"ನಮಗೆ ಅಂದರೆ?"

"ಶುಕ್ರವಾರ ಬರುವವರಿಗೆ ಎಲ್ಲರಿಗೂ! ಆದರೂ ನೀವು ಶುರು ಮಾಡಿದ ಕೂಡಲೇ ಟೀವಿ ಆಫ್ ಮಾಡ್ತೇವಲ್ಲ ವಾಸಣ್ಣ, ಅಷ್ಟು ಚಂದ ಹೇಳ್ತೀರಿ." ಹಿಂದೆ ಜೊಹರಾ ನಗುವುದು ಕೇಳಿಸಿತು.

ಒಂದು ಕುಟುಂಬ ಉಳಿದಿತ್ತು. ಮೂರು ಮಕ್ಕಳು ಐಸ್‌ಕ್ರೀಮ್ ತಿನ್ನುತ್ತಿದ್ದರು. ನಾನು ಅಲ್ಲೇ ಅತ್ತರಿನ ಸೀಸೆಗಳ ನಡುವೆ ಅಡ್ಡಬೀಳಬೇಕಿತ್ತು. ಆದರೆ ನನ್ನ ಬಾಯಿಂದ ಬಂದ ಮಾತು ಬೇರೆ. ಅವಮಾನದಿಂದ ಕಿವಿ ಕಾದು, ನಾನು ಹೇಳಿದೆ: "ಅಲ್ಲ ಹಮ್ಜಾ, ನಾನು ಅಷ್ಟು ಹೇಳಿದ್ದೆ. ಒಂದು ಸಲ ಹೋಗಿ ನೋಡಬಹುದಿತ್ತಲ್ಲ!"

ಹಮ್ಜಾ ಗಹಗಹಿಸಿ ನಕ್ಕ. "ಯಲ್ಲಾ, ಆಯ್ತು, ಇಡ್ತೇನೆ, ನಿಮ್ಮ ಜೋಕು ಕೇಳಿದ್ರೆ ಬಿಲ್ ಏರ್ತದೆ" ಎಂದು ಇಟ್ಟುಬಿಟ್ಟ. ಸುಳ್ಳು ಹೇಳಿದ್ದಕ್ಕೆ ಆಮೇಲೆ ಅವನಲ್ಲಿಯೂ ಯಮುನಾಳಲ್ಲಿಯೂ ಕ್ಷಮೆ ಕೇಳಿದ್ದೇನೆ, ಇಬ್ಬರೂ ಕ್ಷಮಿಸಿದ್ದಾರೆ. ಆ ಕೊನೆಯ ಮಾತಿಗೆ ಮಾತ್ರ ಇನ್ನೂ ಕೇಳಿಲ್ಲ. ಅದು ಜೋಕು ಎಂದು ಹಮ್ಜಾ ಇವತ್ತಿಗೂ ಎಲ್ಲರೆದುರು ಹೇಳಿ ನಗುತ್ತಾನೆ, ನಾನೂ ಜೊತೆಗೆ ನಗುತ್ತೇನೆ.