ಈ ಸಲ ಹಿಡೀಬೇಡಿ

ಹೆಂಡತಿ: ಹಿಡೀಬೇಡಿ ಅಂದ್ರೆ ಹಿಡೀಬಾರ್ದು! ಇಷ್ಟೂ ತಿಳಿಯಲ್ವೇನ್ರೀ ನಿಮಗೆ?

ಇಕ್ಕಳ: ನನಗೆ ತಿಳಿದಿದೆ ಕಣೇ. ಕೈಗೆ ತಿಳೀತಿಲ್ಲ.

ಹೆಂಡತಿ: ಕೈ ಯಾರದು?

ಇಕ್ಕಳ: ನನ್ನದೇ. ಆದ್ರೆ ಈ ಒಂದು ವಿಷಯದಲ್ಲಿ ಅದು ನನ್ನ ಮಾತು ಕೇಳಲ್ಲ.

ಮಾತು ನಡೆಯುತ್ತಿದ್ದುದು ನೆಲದ ಮೇಲಲ್ಲ. ಹಳೆಯ ಗೋದಾಮೊಂದರ ತಗಡಿನ ಚಾವಣಿಯಿಂದ ಇಳಿಬಿಟ್ಟ ಜೋಕಾಲಿಗೆ ಮೊಣಕಾಲು ಸಿಕ್ಕಿಸಿಕೊಂಡು ಗಂಡ ತಲೆಕೆಳಗಾಗಿ ತೂಗುತ್ತಿದ್ದ. ಅವನ ಕೈಯಲ್ಲಿ ಹೆಂಡತಿ ತೂಗುತ್ತಿದ್ದಳು. ಇಬ್ಬರ ಕೆಳಗೆ ಬಲೆ. ಬಲೆಯ ಪಕ್ಕದಲ್ಲಿ, ಕತ್ತು ಹಿಂದಕ್ಕೆ ಬಾಗಿಸಿ, ಸೊಂಟಕ್ಕೆ ಕೈಕೊಟ್ಟು ನಾದಿನಿ ನಿಂತಿದ್ದಳು. ಸರ್ಕಸ್ಸಿನಲ್ಲಿ ಹಾರಿ ಬರುವವರನ್ನು ಗಾಳಿಯಲ್ಲೇ ಹಿಡಿಯುವುದು ಅವನ ಕೆಲಸ. ಕೈಗೆ ಸಿಕ್ಕವರನ್ನು ಒಮ್ಮೆಯೂ ಜಾರಗೊಟ್ಟವನಲ್ಲವಾದ್ದರಿಂದ ತಂಡದವರು ಅವನನ್ನು ಇಕ್ಕಳ ಎಂದು ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರಿಗಿಂತ ಅವನಿಗೆ ಆ ಹೆಸರೇ ಇಷ್ಟ.

ನಾದಿನಿ: ಭಾವ, ನಗ್ತಿದ್ದೀರಾ?

ಇಕ್ಕಳ: ನಗ್ತಿಲ್ಲಮ್ಮ. ಮುಖ ತಲೆಕೆಳಗಿದೆ. ಇದು ಸಿಟ್ಟು.

ನಾದಿನಿ: ಹೌದಾ? ಇಲ್ಲಿಂದ ತುಂಬಾ ಖುಷಿಯಾಗಿ ಕಾಣ್ತಿದ್ದೀರಿ.

ಹೆಂಡತಿ: ಅವರ ಚಂದ ಆಮೇಲೆ ನೋಡುವಿಯಂತೆ. ರೀ, ನನ್ನನ್ನ ಇಳಿಸಿ ಈಗ.

ಇಕ್ಕಳ ಕೈ ಸಡಿಲಿಸಿದ. ಹೆಂಡತಿ ಬಲೆಗೆ ಇಳಿದು, ಪುಟಿದು, ಎದ್ದು ನಿಂತಳು.

ಹೆಂಡತಿ: ನೋಡಿದ್ಯೇನೇ? ಈಗ ಬಿಟ್ರು! ಕೇಳಿದ ತಕ್ಷಣ ಬಿಟ್ರು!

ಇಕ್ಕಳ: ಹಿಡಿದ ಮೇಲೆ ಬಿಡೋದು ಬೇರೆ, ಹಿಡೀದೇ ಇರೋದು ಬೇರೆ. ಅದು ಇಳಿಸೋದು. ಇದು ಬೀಳಿಸೋದು.

ಹೆಂಡತಿ: ನೀವು ಬೀಳಿಸೋದಲ್ರೀ. ನಾನು ಬೀಳೋದು. ನಾನಾಗೇ!

ನಾದಿನಿ ಹುಟ್ಟಿದ್ದು ಸರ್ಕಸ್ಸಿನ ಡೇರೆಯಲ್ಲೇ. ಆದರೆ ಬಲ್ಬು ಹಾಕಲು ಸ್ಟೂಲು ಹತ್ತಿದರೂ ಅವಳಿಗೆ ತಲೆ ತಿರುಗುತ್ತಿತ್ತು. ಹಾಗಾಗಿ ನೆಲದ ಮೇಲೆ ನಿಂತು ಮಾಡುವ ಕಲೆಯನ್ನು ಹುಡುಕಿಕೊಂಡು ನಾಟಕಕ್ಕೆ ಹೋಗಿದ್ದಳು. ನಿರ್ದೇಶಕಿಯಾಗಿ ಮರಳಿದವಳು, ಒಂದರ ಹಿಂದೊಂದು ಕಸರತ್ತು ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದು ಸಾಕು, ಎಲ್ಲ ಸೇರಿ ಒಂದು ನಾಟಕ ಕಟ್ಟೋಣ ಎಂದಳು. ಬರೆದಿಟ್ಟ ನಾಟಕವಲ್ಲ. ತಂಡದವರು ದಿನವೂ ಚಾಪೆ ಹಾಸಿ ದುಂಡಗೆ ಕೂರುತ್ತಿದ್ದರು. ಪ್ರತಿಯೊಬ್ಬರೂ ತಮ್ಮದೊಂದು ದೃಶ್ಯ ತರಬೇಕು, ಮಿಕ್ಕವರು ಅದಕ್ಕೆ ಮೈಕೊಡಬೇಕು. ಮೈ ಬಳುಕಿಸುವವಳು, ಪೆಟ್ಟಿಗೆಯೊಳಗೆ ಮಡಚಿಕೊಂಡು ಕೂತು ಪ್ರಯಾಣ ಹೊರಡುವ ದೃಶ್ಯ ತಂದಳು. ಇಕ್ಕಳ ತಂದದ್ದು, ಹಿಡಿಯುವವನ ಮುಖದ ಮೇಲೂ ಒಂದು ಸಲ ಬೆಳಕು ಬೀಳುವ ದೃಶ್ಯ. ಹೆಂಡತಿಯ ದೃಶ್ಯ ಹೀಗಿತ್ತು: ಹೆಂಗಸೊಬ್ಬಳು ಮನೆಬಿಟ್ಟು ಹೊರಡುತ್ತಾಳೆ, ಕೊನೆಯ ಸಲ ಗಂಡನತ್ತ ಹಾರುತ್ತಾಳೆ, ಅವನು ಕೈ ಚಾಚುತ್ತಾನೆ, ಹಿಡಿಯುವುದಿಲ್ಲ, ಅವಳು ಬೀಳುತ್ತಾಳೆ. ಎಲ್ಲರೂ ಭಲೇ ಎಂದರು. ಇಕ್ಕಳ ಮಾತ್ರ ನೀರು ಕುಡಿಯುವ ನೆವದಲ್ಲಿ ಎದ್ದು ಹೋದ.

ನಾಳೆ ಸಂಜೆ ಮೊದಲ ಪ್ರದರ್ಶನ. ಉಳಿದ ದೃಶ್ಯಗಳೆಲ್ಲ ಕೂಡಿಬಂದಿದ್ದವು. ಇದೊಂದು ಇವತ್ತು ಕೂಡಿಬರದಿದ್ದರೆ ಕಿತ್ತುಹಾಕಿ, ಅಲ್ಲಿಗೆ ಬಫೂನನ ಕುರ್ಚಿಯಾಟ ಸೇರಿಸುವುದೆಂದು ನಾದಿನಿ ಬೆಳಗ್ಗೆಯೇ ಹೇಳಿಬಿಟ್ಟಿದ್ದಳು. ಬಫೂನ ಆಗಲೇ ಬಾಗಿಲ ಬಳಿ ಕೂತು ಕುರ್ಚಿಗಳ ಧೂಳು ಒರೆಸುತ್ತಿದ್ದ. ಯಾರ ಕಡೆಗೂ ನೋಡದೆ ಒರೆಸುತ್ತಿದ್ದುದರಿಂದಲೇ ಅವನ ಆಸೆ ಎಲ್ಲರಿಗೂ ಕಾಣುತ್ತಿತ್ತು.

ಹೆಂಡತಿ ಹಗ್ಗದ ಏಣಿ ಹತ್ತಿ ಎದುರಿನ ಅಟ್ಟಣಿಗೆಯತ್ತ ಹೊರಟಳು.

ಇಕ್ಕಳ: ಮೊದಲು ನನಗೊಂದು ಹೇಳು. ಈ ಹೆಂಗಸು ಮನೆ ಯಾಕೆ ಬಿಡ್ತಾಳೆ?

ಹೆಂಡತಿ: ಬಿಡಬೇಕು ಅನ್ಸುತ್ತೆ, ಬಿಡ್ತಾಳೆ.

ಇಕ್ಕಳ: ಗಂಡ ಏನು ಮಾಡ್ದ?

ಹೆಂಡತಿ: ಏನೂ ಮಾಡಿಲ್ಲ.

ಇಕ್ಕಳ: ಓಹೋ. ಏನೂ ಮಾಡಲ್ಲ ಅಂತಾನೇ ಬಿಡ್ತಾಳೋ?

ಹೆಂಡತಿ: ಅಯ್ಯೋ ದೇವರೇ! ಅವನ ಸುದ್ದಿನೇ ಅಲ್ರೀ ಅದು!

ಇಕ್ಕಳ: ಗೊತ್ತಾಯ್ತು ಬಿಡು. ಬಚ್ಚಲಮನೆ ನಲ್ಲಿ ಸೋರುತ್ತೆ, ಸರಿ ಮಾಡ್ಸಿ ಅಂದಿದ್ದೆ. ನಾನು ಮಾಡಿಸ್ಲಿಲ್ಲ. ಅದನ್ನ ತಂದು ನಾಲ್ಕು ಜನರ ಮುಂದೆ ನಾಟಕ ಮಾಡ್ತಿದ್ದೀಯ.

ಹೆಂಡತಿ: ನಲ್ಲಿ ಇನ್ನೂ ಸರಿ ಮಾಡ್ಸಿಲ್ವಾ?

ಇಕ್ಕಳ: ...ಉದಾಹರಣೆಗೆ ಹೇಳ್ದೆ.

ಹೆಂಡತಿ: ಆಗಿದೆ ಅಂದಿದ್ರಿ!

ನಾದಿನಿ: ಅಕ್ಕಾ, ನಲ್ಲಿ ಆಮೇಲೆ. ಭಾವ, ಆ ಗಂಡ ನೀವಲ್ಲ. ಅದೊಂದು ಪಾತ್ರ.

ಇಕ್ಕಳ: ಹಾಕ್ಕೊಂಡಿರೋದು ನನ್ನ ಬನಿಯನ್ನು. ತೂಗ್ತಿರೋದು ನನ್ನ ಜೋಕಾಲಿ. ಹಾರಿ ಬರೋಳು ನನ್ನ ಹೆಂಡ್ತಿ. ನಾನಲ್ದೆ ಮತ್ಯಾರಮ್ಮ ಅವನು?

ನಾದಿನಿ: ನಿಮ್ಮ ಹಾಗೇ ಇರೋ ಇನ್ನೊಬ್ಬ ಅಂದ್ಕೊಳ್ಳಿ.

ಇಕ್ಕಳ: ಇನ್ನೊಬ್ಬನಾ! ನನ್ನ ಹೆಂಡ್ತಿ ಇನ್ನೊಬ್ಬನ ಕಡೆ ಹಾರೋದು, ಆ ದಡ್ಡ ಹಿಡೀದೇ ಇರೋದು, ಇವಳು ಬೀಳೋದು, ನಾನು ನೋಡ್ಕೊಂಡು ಸುಮ್ನಿರೋದು! ಸಿಕ್ಕಲಿ ಅವನು ನನ್ನ ಕೈಗೆ!

ಹೆಂಡತಿ: ಅವನು ಎಲ್ಲಿ ಸಿಗ್ತಾನೆ. ನನಗೆ ಸಿಕ್ಕಿದ್ದು ನೀವೇ. ಕಣ್ಣು ಮುಚ್ಚಿ!

ಇಕ್ಕಳ: ಯಾಕೆ?

ಹೆಂಡತಿ: ಕಾಣದೇ ಇದ್ದದ್ದನ್ನ ಯಾರೂ ಹಿಡಿಯೋಕಾಗಲ್ಲ. ಮುಚ್ಚಿ, ಬರ್ತಿದ್ದೀನಿ.

ಇಕ್ಕಳ ಕಣ್ಣು ಮುಚ್ಚಿ ತೂಗಿದ. ಅವಳ ಜೋಕಾಲಿ ಗಾಳಿ ಸೀಳಿದ್ದು ಕೇಳಿಸಿತು. ಎರಡು ಅಂಗೈ ಎರಡು ಮಣಿಕಟ್ಟಿನ ಮೇಲೆ ಟಪ್ಪೆಂದು ಕೂತದ್ದೂ ಕೇಳಿಸಿತು.

ಹೆಂಡತಿ: ಕಣ್ಣು ಬಿಟ್ರಿ!

ಇಕ್ಕಳ: ಆಣೆ ಮಾಡ್ತೀನಿ, ಬಿಟ್ಟಿಲ್ಲ. ಈಗ್ಲೂ ಮುಚ್ಚೇ ಇದೆ ನೋಡು.

ಹೆಂಡತಿ: ಮತ್ತೆ ಹೇಗೆ ಹಿಡಿದ್ರಿ?

ಇಕ್ಕಳ: ನೀನು ಬರೋದು ನನಗೆ ಗೊತ್ತಾಗಲ್ವಾ? ಕಣ್ಣು ಮುಚ್ಕೊಂಡು ಮಲಗಿದ್ರೂ, ಅಡುಗೆಮನೆಯಿಂದ ನೀನು ಎದ್ದು ಬರ್ತಿರೋದು ಗೊತ್ತಾಗುತ್ತೆ.

ಹೆಂಡತಿ: ಅಂದ್ರೆ ನಾನು ಕರೆದಾಗ ನಿದ್ದೆ ಬಂದಿರಲ್ಲ ನಿಮಗೆ!

ಬಾಗಿಲ ಬಳಿ ಸಣ್ಣ ಸದ್ದಾಯಿತು. ಬಫೂನ ಒಂದು ಕುರ್ಚಿಯನ್ನು ಒಳಕ್ಕೆ ಸರಿಸಿದ್ದ.

ಹೆಂಡತಿ ಮತ್ತೆ ಬಲೆಗಿಳಿದು ಮತ್ತೆ ಏಣಿ ಹತ್ತಿದಳು. ಈ ಸಲ ಗಂಡ ಎದೆಯ ಮೇಲೆ ಕೈಕಟ್ಟಿಕೊಂಡು, ಎರಡೂ ಅಂಗೈಯನ್ನು ಕಂಕುಳಲ್ಲಿ ಅಡಗಿಸಿಟ್ಟುಕೊಂಡಿರಬೇಕೆಂದು ಅಪ್ಪಣೆಯಾಯಿತು. ತಲೆಕೆಳಗಾಗಿ ಕೈಕಟ್ಟಿ ತೂಗುತ್ತಿದ್ದ ಇಕ್ಕಳ, ಯಾರೋ ಮಡಚಿಟ್ಟು ಮರೆತುಹೋದ ಬಾವಲಿಯಂತೆ ಕಂಡ. ಹೆಂಡತಿ ಹಾರಿದಳು. ಟಪ್.

ಹೆಂಡತಿ: ಕೈ ಕಟ್ಕೊಂಡಿದ್ರಲ್ರೀ!

ಇಕ್ಕಳ: ಕಟ್ಕೊಂಡೇ ಇದ್ದೆ. ನೀನು ಬಂದೆ.

ನಾದಿನಿ ನಗು ತಡೆಯಲಾರದೆ ಮುಖ ತಿರುಗಿಸಿದಳು. ತಿರುಗಿದ ಕಡೆ ಎರಡನೆಯ ಕುರ್ಚಿ ಒಳಗೆ ಬರುತ್ತಿತ್ತು.

ನಾದಿನಿ: ಅಕ್ಕಾ, ಇನ್ನೊಂದೇ ಸಲ. ಆಮೇಲೆ ಸಾಲದು ಅಂದ್ರೂ ಆಗಲ್ಲ. ನಾನು ಮುಂದಿನದು ನೋಡ್ಬೇಕು.

ಅಟ್ಟಣಿಗೆ ತಲುಪಿದ ಹೆಂಡತಿ ತನ್ನ ಜೋಕಾಲಿಯ ಕಂಬಿ ಹಿಡಿಯಲಿಲ್ಲ. ಕಾಲು ಇಳಿಬಿಟ್ಟು ಅಂಚಿನಲ್ಲಿ ಕೂತಳು. ಅಂಗೈಗೆ ಜಾರದ ಹಾಗೆ ಬಿಳಿ ಪುಡಿ ಹಚ್ಚಿಕೊಳ್ಳುತ್ತ, ಹಚ್ಚಿದ್ದನ್ನೇ ಮತ್ತೆ ಹಚ್ಚಿಕೊಳ್ಳುತ್ತ ಇದ್ದಳು. ಅವಳು ಕೂಗದೆ ಮಾತಾಡಿದ್ದು ಆ ದಿನ ಅದೇ ಮೊದಲು. ಇಕ್ಕಳನಿಗೆ ಹೆದರಿಕೆಯಾಯಿತು.

ಹೆಂಡತಿ: ಎರಡು ಪಲ್ಟಿ ಹೊಡಿ ಅಂದ್ರು, ಹೊಡೆದೆ. ನಗ್ತಾ ಹೊಡಿ ಅಂದ್ರು, ನಗ್ತಾ ಹೊಡೆದೆ. ಇಷ್ಟು ವರ್ಷದಲ್ಲಿ, ನಿನಗೆ ಮೇಲೆ ಏನು ಮಾಡ್ಬೇಕು ಅನ್ಸುತ್ತೆ ಅಂತ ಯಾರಾದ್ರೂ ಕೇಳಿದ್ದುಂಟಾ? ಈ ಹುಡುಗಿ ಕೇಳಿದ್ಳು. ನಾನು ಹೇಳ್ದೆ. ಅದೊಂದೇ ನನ್ನದು. ಅದನ್ನೂ ಆ ಕುರ್ಚಿಗಳಿಗೆ ಕೊಟ್ಬಿಡ್ಲಾ?

ಇಕ್ಕಳ: ನಿನಗೆ ಬೀಳೋದೇ ಸಿಕ್ತಾ?

ಹೆಂಡತಿ: ತಪ್ಪಿ ಬಿದ್ರೆ ಜನ ಅಯ್ಯೋ ಅಂತಾರೆ. ಬೇಕಂತ, ಚೆನ್ನಾಗಿ, ಕೈಕಾಲು ಚಾಚ್ಕೊಂಡು ಬಿದ್ರೆ ಏನಂತಾರೆ? ಅದನ್ನ ಕೇಳ್ಬೇಕು ನನಗೆ.

ಇಕ್ಕಳ: ನನ್ನನ್ನ ಏನಂತಾರೆ ಅದನ್ನೂ ಹೇಳು. ಇಕ್ಕಳ ಸಡಿಲ ಆಯ್ತು, ಕಟ್ಕೊಂಡವಳನ್ನೇ ಬೀಳಿಸ್ದ ಅಂತಾರೆ.

ನಾದಿನಿ: ನಾಟಕ ಅಂತ ಜನಕ್ಕೆ ತಿಳಿಯುತ್ತೆ ಭಾವ.

ಇಕ್ಕಳ: ಹೇಗೆ? ಇವನು ಬೇಕಂತಲೇ ಹಿಡೀಲಿಲ್ಲ, ಕೈ ಗಟ್ಟಿಯಾಗೇ ಇದೆ ಅಂತ ಟಿಕೆಟ್ ಮೇಲೆ ಹಾಕಿಸ್ತೀಯಾ?

ನಾದಿನಿ: ಬೇಕಾದ್ರೆ ಮೈಕಿನಲ್ಲಿ ಹೇಳಿಸ್ತೀನಿ.

ಇಕ್ಕಳ: ಎರಡು ಸಲ ಹೇಳಿಸ್ಬೇಕು.

ನಾದಿನಿ: ಹೇಳಿಸ್ತೀನಿ.

ಇಕ್ಕಳ ತನ್ನ ಅಂಗೈಗಳನ್ನು ನೋಡಿಕೊಂಡ. ದಪ್ಪ, ಒರಟು, ಬುದ್ಧಿವಂತ ಕೈಗಳು. ಹಾಲು ಉಕ್ಕುವ ಮುಂಚೆ ಪಾತ್ರೆ ಇಳಿಸಿದ್ದುಂಟು; ಮೇಜಿನಿಂದ ಜಾರಿದ ಲೋಟ ನೆಲ ಮುಟ್ಟುವ ಮೊದಲೇ ಹಿಡಿದದ್ದುಂಟು. ಅವಕ್ಕೆ ಇಂಥದ್ದೊಂದು ಕೆಲಸ ಹೇಳಲು ಅವನಿಗೆ ನಾಚಿಕೆಯಾಯಿತು. ಆಮೇಲೆ ಅಟ್ಟಣಿಗೆಯ ಅಂಚಿನಲ್ಲಿ ಕೂತವಳನ್ನು ನೋಡಿದ.

ಇಕ್ಕಳ: ಸರಿ. ಹಾರು.

ಹೆಂಡತಿ: ಸಿಟ್ಟಿನಲ್ಲಿ ಹೇಳ್ತಿದ್ದೀರಾ? ಮುಖ ನಗ್ತಾ ಇದೆ.

ಇಕ್ಕಳ: ಹಾರ್ತೀಯೋ, ಕುರ್ಚಿ ಕರೀಲೋ?

ಅವಳು ಎದ್ದಳು, ಕಂಬಿ ಹಿಡಿದಳು, ಜಿಗಿದಳು. ಇಕ್ಕಳ ತೂಗುತ್ತ ಬಂದು ಕೈ ಚಾಚಿದ. ಒಂದೊಂದು ಬೆರಳಿಗೂ ಬೇರೆ ಬೇರೆಯಾಗಿ ಬುದ್ಧಿ ಹೇಳಿದ. ಹೆಬ್ಬೆರಳಿಗೆ ಎರಡು ಸಲ ಹೇಳಿದ. ಅವಳ ಮಣಿಕಟ್ಟು ಅವನ ಅಂಗೈಯನ್ನು ಸವರಿತು. ಅಂಗೈ ಮುಚ್ಚಲಿಲ್ಲ. ಅವನು ಕಣ್ಣು ಮುಚ್ಚಿದ.

ಬಲೆಯ ಸದ್ದು ಬರಲಿಲ್ಲ.

ಹೆಂಡತಿ: ಮತ್ತೆ ಹಿಡಿದ್ರಿ!

ಇಕ್ಕಳ: ಇಲ್ಲ!

ಹೆಂಡತಿ: ಹಾಗಾದ್ರೆ ನಾನ್ಯಾಕೆ ಇಲ್ಲಿದ್ದೀನಿ?

ಇಕ್ಕಳ: ನನಗೇನು ಗೊತ್ತು? ಬೀಳೇ!

ಹೆಂಡತಿ: ಬಿಡ್ರೀ ಮತ್ತೆ!

ಇಕ್ಕಳ: ಬಿಟ್ಟಿದ್ದೀನಿ! ಹತ್ತು ಬೆರಳೂ ಬಿಚ್ಚಿವೆ, ನೋಡು ಬೇಕಾದ್ರೆ!

ಹೆಂಡತಿ ತಲೆಯೆತ್ತಿ ನೋಡಿದಳು. ಗಂಡನ ಹತ್ತು ಬೆರಳೂ ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದವು. ಅವನ ಎರಡು ಮಣಿಕಟ್ಟಿಗೆ ತನ್ನ ಎರಡು ಕೈ ಬಿಗಿಯಾಗಿ ಸುತ್ತಿಕೊಂಡಿದ್ದವು. ಜೋಕಾಲಿಯ ಕೊಂಡಿ ಕಿರುಗುಟ್ಟಿತು. ಬಫೂನ ಮೂರನೆಯ ಕುರ್ಚಿಯನ್ನು ಅರ್ಧ ಎತ್ತಿದವನು ಹಾಗೇ ನಿಂತ.

ನಾದಿನಿ: ಅಕ್ಕಾ. ಹಿಡ್ಕೊಂಡಿರೋದು ನೀನು.

ಹೆಂಡತಿ: ನಾನಲ್ಲ.

ನಾದಿನಿ: ಮತ್ಯಾರು, ಇನ್ನೊಬ್ಬಳಾ?

ಹೆಂಡತಿ: ಬಿಡ್ತೀನಿ. ಬಿಡ್ತಾ ಇದ್ದೀನಿ. ಒಂದು ನಿಮಿಷ ಇರ್ರೀ, ಅವಸರ ಮಾಡ್ಬೇಡಿ.

ಇಕ್ಕಳ: ನಾನೆಲ್ಲಿ ಅವಸರ ಮಾಡ್ದೆ? ನಿಧಾನವಾಗಿ ಬೀಳು. ಊಟದ ಹೊತ್ತಿಗೆ ಬಿದ್ರೆ ಸಾಕು.

ಜೋಕಾಲಿ ಹೋಯಿತು, ಬಂತು. ಹೆಂಡತಿ ತುಟಿ ಕಚ್ಚಿ ಬೆರಳು ಬಿಡಿಸಲು ನೋಡಿದಳು. ಒಂದು ಬೆರಳು ಬಿಡಿಸಿದರೆ ಇನ್ನೊಂದು ಬಿಗಿಯುತ್ತಿತ್ತು. ಅವಳಿಗೆ ನಗು ಬಂತು. ನಗು ಅವಳ ತೋಳಿನಿಂದ ಅವನ ತೋಳಿಗೆ ಏರಿ, ಜೋಕಾಲಿ ಇಡೀ ಕುಲುಕಿತು. ಆ ಕ್ಷಣದಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಇಕ್ಕಳ ಅವತ್ತು ದೊಡ್ಡ ಮನುಷ್ಯನಾಗಿಬಿಡುತ್ತಿದ್ದ.

ಇಕ್ಕಳ: ನೋಡ್ದ್ಯಾ? ಬಾಯಲ್ಲಿ ಮಾತ್ರ ನಾನಾಗೇ ಬೀಳ್ತೀನಿ, ನಾನಾಗೇ ಬೀಳ್ತೀನಿ. ನಾನಿಲ್ದೆ ನಿನಗೆ ಬೀಳೋಕೂ ಬರಲ್ಲ.

ಹತ್ತೂ ಬೆರಳು ಒಟ್ಟಿಗೆ ಬಿಟ್ಟುಕೊಂಡವು.

ಅವಳು ಬೆನ್ನು ಕೆಳಗಾಗಿ, ಕೈಕಾಲು ಚಾಚಿ, ಗಂಡನನ್ನೇ ದುರುಗುಟ್ಟಿ ನೋಡುತ್ತ ಬಿದ್ದಳು. ಬೀಳುವವರ ಮುಖದಲ್ಲಿರುವ ಗಾಬರಿ ಅವಳಲ್ಲಿರಲಿಲ್ಲ. ಕಿಟಕಿಯಿಂದ ಬಂದ ಬಿಸಿಲಿನ ಪಟ್ಟಿಯೊಂದನ್ನು ದಾಟುವಾಗ ಕೈಯ ಬಿಳಿ ಪುಡಿ ಮೇಲೆಯೇ ಉಳಿಯಿತು, ಅವಳು ಕೆಳಗೆ ಹೋದಳು. ಬಲೆ ಅವಳನ್ನು ತೆಗೆದುಕೊಂಡು, ಮತ್ತೆ ಎತ್ತಿಕೊಟ್ಟು, ಮತ್ತೆ ತೆಗೆದುಕೊಂಡಿತು.

ಆಹಾ ಎಂದವನು ಬಫೂನ. ಅಂದ ಮೇಲೆ ಅವನಿಗೇ ಬೇಸರವಾಗಿ, ಕುರ್ಚಿಗಳನ್ನು ಹೊರಗೆ ಒಯ್ಯತೊಡಗಿದ. ಇಕ್ಕಳ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಇಕ್ಕಳ: ಬಿದ್ದಳಾ? ಪೆಟ್ಟಾಯ್ತಾ? ಯಾರಾದ್ರೂ ಮಾತಾಡಿ!

ಹೆಂಡತಿ: ಬಿದ್ದೆ ಕಣ್ರೀ! ಎಷ್ಟು ಚೆನ್ನಾಗಿ ಬಿದ್ದೆ ಗೊತ್ತಾ?

ನಾದಿನಿ: ಅಕ್ಕಾ, ದೃಶ್ಯ ಇರುತ್ತೆ. ಆ ನೇತಾಡಿದ್ದೂ ಇರ್ಲಿ, ಹಾಗೇ. ಆದ್ರೆ ನಾಳೆ ಎಷ್ಟು ಹೊತ್ತು ಹಿಡ್ಕೊಂಡಿರ್ತೀಯ ಹೇಳು. ಲೈಟಿನವರಿಗೆ ತಿಳಿಸ್ಬೇಕು.

ಹೆಂಡತಿ: ನನ್ನನ್ನ ಯಾಕೆ ಕೇಳ್ತೀಯ? ನಿನ್ನ ಭಾವ ಅಲ್ಲಿ ಏನು ಮಾತಾಡ್ತಾರೋ, ಅದರ ಮೇಲೆ.

ಇಕ್ಕಳ: ಹಾಗಾದ್ರೆ ನಾಳೆ ನಾನು ತುಟಿ ಬಿಚ್ಚಲ್ಲ.

ಹೆಂಡತಿ: ಬೇಡಿ ಬೇಡಿ, ಏನಾದ್ರೂ ಮಾತಾಡಿ. ನೀವು ಸುಮ್ನಿದ್ರೆ ನಾನು ಬಿಡೋದೇ ಇಲ್ಲ. ಪಾಪ, ಜನ ಮನೆಗೆ ಹೋಗ್ಬೇಡ್ವಾ?