ಡಾಕ್ಟರ ಮೇಜಿನ ಕರೆಗಂಟೆಗೆ, ಅಕ್ಕನ ಗಂಟಲಿನ ವಿಚಾರವಾಗಿ

ಮಾನ್ಯ ಕರೆಗಂಟೆಯವರೇ,

ತಮ್ಮ ಹೊತ್ತು ಹಾಳಾಗದಂತೆ ಬೇಗಬೇಗನೆ ಮಾಡುವ ನಮಸ್ಕಾರಗಳು. ಅರ್ಧಕ್ಕೇ ಶಾಲೆ ಬಿಟ್ಟವಳ ಬರವಣಿಗೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ತಮಗೆ ಹೊಟ್ಟೆ ಇದೆಯೋ ಇಲ್ಲವೋ ಎಂಬುದೂ ನನಗೊಂದು ಚಿಂತೆಯೇ.

ಈ ದವಾಖಾನೆಯಲ್ಲಿ ರೋಗಿಗಳನ್ನು ನೋಡುವವರು ಡಾಕ್ಟರು ಎಂದು ಇಷ್ಟು ದಿನ ದಡ್ಡಿಯ ಹಾಗೆ ನಂಬಿದ್ದೆ. ಅವರ ಟೀ ಪಾಪ ಕೆನೆಗಟ್ಟಿ ಕೂತಿರುತ್ತದೆ, ಬಾಗಿಲಾಚೆ ಜನ "ಒಳಗಿರೋರು ಅಲ್ಲೇ ಸಂಸಾರ ಹೂಡ್ಬಿಟ್ರಾ?" ಎಂದು ಗೊಣಗುತ್ತಿರುತ್ತಾರೆ, ಡಾಕ್ಟರ ಬೆರಳು ತಾನಾಗಿ ತಮ್ಮ ನೆತ್ತಿಯ ಗುಂಡಿಯ ಮೇಲೆ ಹೋಗುತ್ತದೆ. ತಾವು ಕಿರ್ರೆಂದರೆ ಸಾಕು, ಎಂಥ ಕಾಯಿಲೆಯೂ ಅಲ್ಲಿಗೆ ಗುಣವಾಯಿತೆಂದೇ ಲೆಕ್ಕ.

ನಮ್ಮ ಅಕ್ಕ ಬಸ್ ನಿಲ್ದಾಣದಲ್ಲಿ ಮೈಕ್ ಹಿಡಿದು ಬಸ್ಸುಗಳನ್ನು ಕೂಗುವವಳು. ಎಷ್ಟೋ ತಿಂಗಳಿಂದ ಅವಳ ದನಿ ಒಡೆದಿದೆ. ಮೊದಲ ಸಲ "ಗಂಟಲು" ಎಂಬ ಮಾತು ಬಾಯಿಂದ ಬೀಳುವಷ್ಟರಲ್ಲಿ ಡಾಕ್ಟರು ಸಿರಪ್ ಬರೆದಾಗಿತ್ತು. ಎರಡನೇ ಸಲವೂ ಅದೇ ಸಿರಪ್, ಆದರೆ ದೊಡ್ಡ ಬಾಟಲಿ; ಇದಕ್ಕಿಂತ ಹೆಚ್ಚಿನ ಮುತುವರ್ಜಿಯನ್ನು ನಾವು ಯಾವ ಬಾಯಲ್ಲಿ ಕೇಳುವುದು? ಮೂರನೇ ಸಲ, ನುಂಗುವಾಗ ಚುಚ್ಚುತ್ತದೆ, ಕುತ್ತಿಗೆಯ ಪಕ್ಕದಲ್ಲೊಂದು ಗಂಟು ಸಿಗುತ್ತದೆ ಎಂದು ಹೇಳಲೇಬೇಕೆಂದು ಮನೆಯಲ್ಲಿ ನನ್ನೆದುರು ಅಭ್ಯಾಸ ಮಾಡಿಕೊಂಡೇ ಬಂದಿದ್ದಳು. ಆದರೆ ಅವಳದು ಸಂಕೋಚದ ಸ್ವಭಾವ, ಹಿಮ್ಮಡಿ ಒಡೆದದ್ದನ್ನು ಮೊದಲು ಹೇಳಿದಳು. ಕೊನೆಗೆ ಶಾಲು ಸರಿಸಿ, "ಡಾಕ್ಟ್ರೇ, ಇಲ್ಲೊಂಚೂರು..." ಎನ್ನುವಷ್ಟರಲ್ಲಿ ತಾವು ಕಿರ್ರೆಂದಿರಿ. ಕೆಮ್ಮಿನವನೊಬ್ಬ ಬಂದು ಅಕ್ಕ ಕೂತಿದ್ದ ಸ್ಟೂಲಿನ ಅರ್ಧಕ್ಕೆ ಕೂತೇಬಿಟ್ಟ. ಜೀವಮಾನವೆಲ್ಲ ಜನರನ್ನು ಹೊತ್ತಿಗೆ ಸರಿಯಾಗಿ ಹೊರಡಿಸಿದ ನಮ್ಮಕ್ಕ ಗಂಟೆ ಕೇಳಿದೊಡನೆ ಎದ್ದುಬಿಟ್ಟಳು.

"ಬಾಯಿ ಬಿಟ್ಟು ಹೇಳೋದಲ್ವೇನೇ ಅಕ್ಕ?" ಎಂದು ಹೊರಗೆ ಬಂದು ಬೈದೆ.

"ಬಿಡೇ, ಅವರಿಗೂ ಟೈಮಾಯ್ತು," ಎಂದಳು, ಆ ಒಡಕು ದನಿಯಲ್ಲೇ.

ಅಂದಿನಿಂದ ನನ್ನ ಕುತ್ತಿಗೆಯನ್ನೂ ಒತ್ತಿ ಒತ್ತಿ ನೋಡಿಕೊಂಡು ತೊಗಲು ಕೆಂಪಾಗಿದೆ, ಊಟ ಸೇರುತ್ತಿಲ್ಲ. ಆದ್ದರಿಂದ ತಮ್ಮಲ್ಲಿ ವಿನಂತಿ: ತಾವು ಒಮ್ಮೆ ಅಕ್ಕನ ಗಂಟಲೊಳಗೆ ದಯಮಾಡಿಸಿ, ನಿನ್ನ ಹೊತ್ತು ಮುಗಿಯಿತು ಎಂದು ಆ ಗಂಟಿಗೂ ಕಿರ್ರೆನ್ನಬೇಕು. ತಮ್ಮ ಮಾತನ್ನು ಮೀರಿ ಕೂತವರನ್ನು ನಾನಂತೂ ಕಂಡಿಲ್ಲ. ಅದು ಆಗದಿದ್ದರೆ, ಸೋಮವಾರ ನಾವು ಮತ್ತೆ ಬಂದಾಗ ಒಂಚೂರು ತುಕ್ಕು ಹಿಡಿಸಿಕೊಂಡು ಸುಮ್ಮನಿರಬೇಕು. ಬಹಳ ಹೊತ್ತೇನಲ್ಲ, ಒಬ್ಬರ ಕುತ್ತಿಗೆಯ ಮೇಲೆ ಇನ್ನೊಬ್ಬರು ಎರಡು ಬೆರಳಿಡುವಷ್ಟು ಹೊತ್ತು. ಆ ಗಂಟು ಏನೂ ಅಲ್ಲದೆಯೂ ಇರಬಹುದು. ಮುಟ್ಟಿ ನೋಡಿದವರಿಲ್ಲ, ಅಷ್ಟೇ.

ಇಂತಿ, ಇನ್ನೇನು ಬಾಗಿಲು ದಾಟಲಿರುವ,
ತಮ್ಮ ವಿಶ್ವಾಸಿ,
ಬಸ್ ಕೂಗುವವಳ ತಂಗಿ

ಮ.ವಿ.: ಹೋದ ವಾರ ತಮ್ಮ ದನಿಯೂ ಕೊಂಚ ಕರಕರ ಎಂದಿತಂತೆ. ಅಂದೇ ರಿಪೇರಿಯವನು ಬಂದು, ತಮ್ಮನ್ನು ಬಿಚ್ಚಿ, ಒಳಗೆಲ್ಲ ಟಾರ್ಚ್ ಹಾಕಿ ನಿಧಾನವಾಗಿ ನೋಡಿದನೆಂದು ಕಾಂಪೌಂಡರ್ ಹೇಳಿದರು. ಕೇಳಿ ಸಂತೋಷವಾಯಿತು. ದಯವಿಟ್ಟು ಆತನ ವಿಳಾಸ ಕೊಡಿಸಿ.