ಜಪಾನಿ ಕಾರಿಗೆ ಕುರಿಯ ಗುರುತು

ಕಾರು ತಗೊಂಡರೆ ಜಪಾನಿನದೇ ತಗೋಬೇಕು, ಅದೂ ಹಳೆಯ ಅಸಲಿ ಮಾಲೇ ಆಗಬೇಕು ಎಂದು ಹಟ ಹಿಡಿದ ಕಬ್ಬೂರಿನ ಭೀಮಸಿ, ಕೊನೆಗೆ ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬರ ಹಿತ್ತಿಲಿನಿಂದ ಒಂದನ್ನು ಹೊರಡಿಸಿಕೊಂಡು ಬಂದ. ಇಂಥ ಕಾರಿಗೆ ಬೇರೆಯವರು ಹೊದಿಕೆ ಹೊದಿಸಿ ಹಬ್ಬಕ್ಕೊಮ್ಮೆ ಹೊರಗೆ ತೆಗೆಯುತ್ತಾರೆ. ಭೀಮಸಿಯದು ಹಾಗಲ್ಲ. ದಿನಾ ಚಿಕ್ಕೋಡಿಗೆ ಹಾಲು ಹಾಕಲು ಅದೇ, ಕುರಿಮರಿಗೆ ಸೂಜಿ ಮಾಡಿಸಲು ಅದೇ. ಹಿಂದಿನ ಸೀಟಿನಲ್ಲಿ ಮನುಷ್ಯರಿಗಿಂತ ಮೇವೇ ಹೆಚ್ಚು ಪ್ರಯಾಣ ಮಾಡಿತು.

ಊರಿನ ಚಹಾದಂಗಡಿಯಲ್ಲಿ ಮೀಸೆ ತಿರುವುತ್ತ ಅವನು ಸಾರಿದ್ದ: “ಟಾಯರ್, ಬ್ಯಾಟ್ರಿ ಬಿಟ್ಟು ಉಳದದ್ದೆಲ್ಲಾ ಜಪಾನದಾಗ ಹುಟ್ಟಿದ್ದು. ಒಂದ ಸಾಮಾನ ಡುಪ್ಲಿಕೇಟ್ ಅಂತ ತೋರಸ್ರಿ, ಈ ಮೀಸಿ ಬೋಳಿಸ್ತೀನಿ.”

ಅದೇನು ಸಾಮಾನ್ಯ ಮೀಸೆಯಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಭೀಮಸಿಯನ್ನು ಜನ ಗುರುತಿಸುತ್ತಿದ್ದದ್ದೇ ಅದರಿಂದ. ಅದನ್ನು ಪಣಕ್ಕಿಟ್ಟ ದಿನದಿಂದ ಅವನ ನೆಮ್ಮದಿ ಹೋಯಿತು. ಕಾರಿನ ಹತ್ತಿರ ಯಾರು ಬಗ್ಗಿದರೂ ನಟ್ಟು ಬಿಚ್ಚುವವರಂತೆ ಕಾಣತೊಡಗಿದರು. ಪಕ್ಕದ ಮನೆಯ ಗಂಗೂಬಾಯಿ ಅದರ ಕನ್ನಡಿಯಲ್ಲಿ ನೋಡಿ ಕುಂಕುಮ ಸರಿಮಾಡಿಕೊಂಡಳು, ಅಷ್ಟೇ. ಅವಳು ಆಚೆ ಹೋಗುವುದೇ ತಡ, ಈತ ಕನ್ನಡಿಯ ಸ್ಕ್ರೂಗಳನ್ನು ಮುಟ್ಟಿ ಮುಟ್ಟಿ ನೋಡಿದ.

ಹೀಗಿರುವಾಗ ಕಾರು ನಡುದಾರಿಯಲ್ಲಿ ನೀರು ಸೋರಿಸಿ, ಕಾದು ಹೊಗೆಯುಗುಳಿತು. ಗ್ಯಾರೇಜಿಗೆ ಒಯ್ಯದೆ ಗತಿಯಿಲ್ಲ. ಚಿಕ್ಕೋಡಿಯ ಗ್ಯಾರೇಜು ಹೆಂಡತಿ ಸಕ್ಕುಬಾಯಿಯ ತಮ್ಮ ಬಾಳೇಶನದು. ಹೆಂಡತಿಯ ತಮ್ಮನೆಂದೇ ಭೀಮಸಿಗೆ ಗುಮಾನಿ ಹೆಚ್ಚಾಯಿತು. ಬೇರೆಯವನು ಸಾಮಾನು ಬದಲಿಸಿದರೆ ಕೊರಳಪಟ್ಟಿ ಹಿಡಿಯಬಹುದು, ಇವನು ಬದಲಿಸಿದರೆ ಮನೆಯಲ್ಲಿ ಊಟ ಸಿಗಬೇಕಲ್ಲ?

ಸಂಜೆ ಅವನಿಗೊಂದು ಉಪಾಯ ಹೊಳೆಯಿತು. ಕುರಿಗಳು ಬೇರೆಯವರ ಹಿಂಡಿನಲ್ಲಿ ಕಲೆತುಹೋಗದಿರಲೆಂದು ಬೆನ್ನಿಗೆ ಹಚ್ಚುವ ಕೆಂಪು ಬಣ್ಣದ ಡಬ್ಬಿ ಮನೆಯಲ್ಲೇ ಇತ್ತು. ಬಾನೆಟ್ ಎತ್ತಿ ಕಂಡ ಸಾಮಾನಿಗೆಲ್ಲ ಒಂದೊಂದು ಬೊಟ್ಟು ಇಟ್ಟ. ಕಾರಿನಡಿ ಅಂಗಾತ ಮಲಗಿ, ಕಣ್ಣಿಗೆ ಕಾಣದ ಕಡೆಯೂ ತಡಕಾಡಿ ಬಳಿದ.

ಮರುದಿನ ಅಮಾವಾಸ್ಯೆ. ಸಕ್ಕುಬಾಯಿ ಕಾರಿಗೆ ಪೂಜೆ ಮಾಡಿ, ತಾನೂ ತಮ್ಮನ ಮನೆಗೆಂದು ಹತ್ತಿ ಕೂತಳು. ಅಲ್ಲಲ್ಲಿ ನಿಲ್ಲಿಸಿ ಕಾರನ್ನು ತಣಿಸುತ್ತ ಚಿಕ್ಕೋಡಿ ಮುಟ್ಟಿದರು. ಕಾರನ್ನು ಗ್ಯಾರೇಜಿನಲ್ಲಿ ಬಿಟ್ಟು ಭೀಮಸಿ ಕುರಿಗಳಿಗೆ ಔಷಧಿ ತರಲು ಪೇಟೆಗೆ ಹೋದವನು ಓಡೋಡಿಯೇ ಮರಳಿದ. ಬಾನೆಟ್ ತೆರೆದಿತ್ತು. ಒಳಗೆ ಒಂದೂ ಬೊಟ್ಟಿಲ್ಲ.

“ಬಾಳ್ಯಾ, ನನ್ನ ಸಾಮಾನ ಎಲ್ಲಿ ಬಚ್ಚಿಟ್ಟಿ?”

“ಯಾವ ಸಾಮಾನ್ರಿ ಮಾಮಾ? ಇನ್ನೂ ಒಂದ ನಟ್ಟಿಗೆ ಪಾನಾ ಸೈತ ಹಚ್ಚಿಲ್ಲ.”

“ನನ್ನವಕ್ಕ ಕೆಂಪ ಗುರುತ ಇತ್ತು. ಇವೆಲ್ಲಾ ಡುಪ್ಲಿಕೇಟ್ ಅದಾವ!”

ಜನ ಕೂಡಿದರು. ಬೈಕು ರಿಪೇರಿಗೆ ಬಂದಿದ್ದ ಕಾಕಾಸಾಹೇಬನೂ ಅಲ್ಲೇ ಇದ್ದ. ಕಬ್ಬೂರಿನ ಆ ಚಹಾದಂಗಡಿ ಅವನದೇ.

“ಡುಪ್ಲಿಕೇಟ್ ಅಂತ ನೀನ ಅಂದಿ ಭೀಮಸಿ,” ಎಂದ ಅವನು ಮೆಲ್ಲಗೆ. “ಮೀಸಿ ಮಾತ ನೆನಪೈತಿಲ್ಲೋ?”

ಭೀಮಸಿಯ ಕೈ ತಾನಾಗಿ ಮೀಸೆ ಮುಚ್ಚಿತು. ಹೌದೆಂದರೆ ಮೀಸೆ ಹೋಗುತ್ತದೆ, ಇಲ್ಲವೆಂದರೆ ಮಾನ ಹೋಗುತ್ತದೆ. ಅಷ್ಟರಲ್ಲಿ ಗದ್ದಲ ಕೇಳಿ ಗ್ಯಾರೇಜಿನ ಹಿಂದಿದ್ದ ತಮ್ಮನ ಮನೆಯಿಂದ ಸಕ್ಕುಬಾಯಿ ಹೊರಬಂದಳು.

“ಕೆಂಪ ಬೊಟ್ಟೇನ್ರಿ? ಮುಂಜಾನಿ ಪೂಜಿ ಮಾಡುಮುಂದ ನಾನ ಒರಿಸೇನಿ. ಅಮಾಸಿ ದಿನಾ ಎಂಜಿನ್ ತುಂಬ ಕೆಂಪ ಬೊಟ್ಟ, ಯಾರೋ ಮಾಟ ಮಾಡಸ್ಯಾರ ಅಂದ್ಕೊಂಡೆ. ಚಿಮಣಿ ಎಣ್ಣಿ ಹಾಕಿ ತಿಕ್ಕಿ, ನಿಂಬಿಹಣ್ಣ ಇಳೇ ತಗದ ಒಗದೇನಿ. ಇಂಥಾದ್ದು ಬಾಯಿ ಬಿಟ್ಟ ಹೇಳಬಾರದಂತ ಸುಮ್ಮನಿದ್ದೆ.”

ತನ್ನ ಮಾತು ಸುಳ್ಳಾಯಿತೆಂದು ಭೀಮಸಿ ಜೀವಮಾನದಲ್ಲೇ ಮೊದಲ ಸಲ ಹಿಗ್ಗಿದ. ಸಾಮಾನೆಲ್ಲ ಅಸಲಿ, ಮೀಸೆಯೂ ಕ್ಷೇಮ. ಬಾಳೇಶನ ಕೈ ಹಿಡಿದು, “ತಪ್ಪಾತಪಾ, ಮನಸಿಗೆ ಹಚ್ಕೋಬ್ಯಾಡ” ಎಂದ. ಬಾಳೇಶ ನಕ್ಕು, ನೀರು ಎಲ್ಲಿ ಸೋರುತ್ತದೆಂದು ನೋಡಲು ಕಾರಿನಡಿ ಸರಿದ.

“ಮಾಮಾ, ಅಕ್ಕನ ಕೈ ಇಲ್ಲಿ ಮುಟ್ಟಿಲ್ರಿ. ರೇಡಿಯೇಟರಿನ ಬುಡಕ ನಿಮ್ಮ ಗುರುತ ಒಂದ ಉಳದೈತಿ. ಸೋರೂದೂ ಇದ. ಇದು ಒರಿಜಿನಲ್ ಹೌದಲ್ರಿ?”

“ಗುರುತ ನಂದು. ಅದರಾಗ ಕೇಳೂದೇನೈತಿ?” ಭೀಮಸಿ ಮೀಸೆ ತಿರುವಿದ.

ಬಾಳೇಶ ರೇಡಿಯೇಟರನ್ನು ಬಿಚ್ಚಿ ತಂದು, ಕೆಂಪು ಬಣ್ಣವನ್ನು ಬಟ್ಟೆಯಿಂದ ಒರೆಸಿದ. ಬಣ್ಣದ ಕೆಳಗೆ ಉಬ್ಬು ಅಕ್ಷರಗಳಿದ್ದವು, ಮರಾಠಿಯವು. ಕಾಕಾಸಾಹೇಬ ಕನ್ನಡಕ ಹಾಕಿಕೊಂಡು ಎಲ್ಲರಿಗೂ ಕೇಳುವಂತೆ ಓದಿದ: “ಕೊಲ್ಹಾಪುರ.”

ಎಲ್ಲರೂ ಭೀಮಸಿಯ ಮೀಸೆಯತ್ತ ತಿರುಗಿದರು. ಕ್ಷೌರದಂಗಡಿ ಎದುರಿಗೇ ಇತ್ತು.

ಸಂಜೆ ಸೋರಿಕೆ ನಿಂತ ಕಾರು ಕಾಯದೆ ಮನೆ ಮುಟ್ಟಿತು. ಭೀಮಸಿ ಇಳಿದದ್ದೇ ತಡ, ಅವನೇ ಸಾಕಿದ ನಾಯಿ ಹಲ್ಲು ಕಿಸಿದು ಬಾಗಿಲಿಗೆ ಅಡ್ಡ ನಿಂತು ಬೊಗಳತೊಡಗಿತು. ಹೆಸರು ಹಿಡಿದು ಕರೆದ, ಗದರಿಸಿದ. ಅದು ಜಪ್ಪಯ್ಯ ಎಂದರೂ ಒಳಗೆ ಬಿಡಲಿಲ್ಲ.

ಸಕ್ಕುಬಾಯಿ ಗಂಡನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದಳು.

“ಅದರದೇನ ತಪ್ಪಿಲ್ರಿ. ಬಣ್ಣದ ಡಬ್ಬಿ ಎಲ್ಲಿಟ್ಟೀರಿ ಹೇಳ್ರಿ, ನಿಮಗೂ ಒಂದ ಗುರುತ ಹಾಕ್ತೀನಿ.”